ಡ್ರಾಪ್‌ಡೌನ್ ಮತ್ತು ಡೇಟಾ ಮಾಡೆಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಪಠ್ಯ ಪೆಟ್ಟಿಗೆಯನ್ನು ಮಾಡೆಲ್‌ಗೆ (ಫಾರ್ಮ್‌ನ ಮಾಹಿತಿಯನ್ನು ಫೀಲ್ಡ್‌ಗಳಾಗಿ ಹಿಡಿದಿಡುವ, ಕೋಡ್‌ನಲ್ಲಿರುವ ರಚನೆಗೆ) ಜೋಡಿಸುವುದು ಸುಲಭ. ಬರೆದದ್ದು ಹೋಗುತ್ತದೆ, ಹೋದದ್ದು ಉಳಿಯುತ್ತದೆ. ಡ್ರಾಪ್‌ಡೌನ್‌ನಲ್ಲಿ ಕಣ್ಣಿಗೆ ಕಾಣುವುದು ಒಂದು, ಸರ್ವರ್‌ಗೆ ಹೋಗುವುದು ಇನ್ನೊಂದು, ಡೇಟಾಬೇಸ್‌ನಲ್ಲಿ ಕೂರುವುದು ಕೆಲವೊಮ್ಮೆ ಮತ್ತೊಂದು. ವೆಬ್ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಮೂರರ ನಡುವಿನ ಸಂದಿಯಲ್ಲೇ ಹುಟ್ಟಿದವು. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ: ಸಿಬ್ಬಂದಿಯ ವಿವರ ತುಂಬುವ ಫಾರ್ಮ್. ಅದರಲ್ಲಿ ಹೆಸರು, ದೂರವಾಣಿ, ವಿಭಾಗ, ಹುದ್ದೆ ಎಂಬ ನಾಲ್ಕು ಫೀಲ್ಡ್‌ಗಳು. ಕೊನೆಯ ಎರಡು ಡ್ರಾಪ್‌ಡೌನ್‌ಗಳು.

ಮಾಡೆಲ್‌ನಲ್ಲಿ ಪಟ್ಟಿ ಇರಬೇಕೋ, ಆಯ್ಕೆ ಇರಬೇಕೋ?

ಆಯ್ಕೆ ಮಾತ್ರ. ಸಿಬ್ಬಂದಿ ಮಾಡೆಲ್‌ಗೆ ಬೇಕಿರುವುದು ‘ವಿಭಾಗ ಐಡಿ’ ಎಂಬ ಒಂದು ಫೀಲ್ಡ್. ಆರಿಸಲು ಲಭ್ಯವಿರುವ ವಿಭಾಗಗಳ ಪಟ್ಟಿ ಆ ವ್ಯಕ್ತಿಯ ಗುಣವಲ್ಲ, ಪರದೆಗೆ ಬೇಕಾದ ಸಾಮಗ್ರಿ. ಡೇಟಾಬೇಸ್‌ಗೆ ಹೋಗುವ ಕ್ಲಾಸ್‌ನೊಳಗೇ ವಿಭಾಗಗಳ ಪಟ್ಟಿಯನ್ನು ಸೇರಿಸಿದರೆ ಎಂಟಿಟಿ ಫ್ರೇಮ್‌ವರ್ಕ್‌ನಂತಹ ಒಆರ್‌ಎಂ (ಕ್ಲಾಸ್‌ಗಳನ್ನು ಡೇಟಾಬೇಸ್ ಟೇಬಲ್‌ಗಳಿಗೆ ಜೋಡಿಸುವ ಪರಿಕರ) ಅದನ್ನು ನಿಜವಾದ ಸಂಬಂಧವೆಂದೇ ತಿಳಿದು, ಟೇಬಲ್‌ಗಳ ನಡುವೆ ಬೇಡದ ಕೊಂಡಿ ಹಾಕಲು ಹೊರಡುತ್ತದೆ.

ಪರದೆಗೆಂದೇ ಪ್ರತ್ಯೇಕ ವ್ಯೂ ಮಾಡೆಲ್ ಮಾಡಿಕೊಂಡು ಅದರಲ್ಲಿ ಎರಡನ್ನೂ ಬೇರೆ ಬೇರೆ ಇಡಿ: ಆಯ್ದ ಐಡಿ ಒಂದು ಕಡೆ, ಪಟ್ಟಿ ಇನ್ನೊಂದು ಕಡೆ. ಆಯ್ಕೆ ಹೋಗುತ್ತದೆ, ಬರುತ್ತದೆ. ಪಟ್ಟಿ ಸರ್ವರ್‌ನಿಂದ ಪರದೆಗೆ ಒಮ್ಮುಖವಾಗಿ ಮಾತ್ರ ಹರಿಯುತ್ತದೆ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಲ್ಲಿರಿ.

ಫಾರ್ಮ್ ಸಲ್ಲಿಸಿದಾಗ ನಿಜವಾಗಿ ಹೋಗುವುದೇನು?

ಸೆಲೆಕ್ಟ್ ಟ್ಯಾಗ್‌ನ (ಎಚ್‌ಟಿಎಂಎಲ್‌ನಲ್ಲಿ ಡ್ರಾಪ್‌ಡೌನ್ ಬರೆಯುವುದು ಇದರಿಂದ) ನೇಮ್ ಮತ್ತು ಆಯ್ದ ಆಪ್ಶನ್‌ನ, ಅಂದರೆ ಪಟ್ಟಿಯ ಸಾಲಿನ, ವ್ಯಾಲ್ಯೂ, ಇಷ್ಟೇ. ‘ವಿಭಾಗಐಡಿ=7’ ಎಂಬ ಅಕ್ಷರಗಳ ಸಾಲು ಹೋಗುತ್ತದೆ. ಪರದೆಯಲ್ಲಿ ಓದಿದ ‘ಲೆಕ್ಕಪತ್ರ’ ಎಂಬ ಹೆಸರು ಹೋಗುವುದೇ ಇಲ್ಲ. ಆಪ್ಶನ್‌ಗೆ ವ್ಯಾಲ್ಯೂ ಬರೆಯುವುದನ್ನು ಮರೆತರೆ ಮಾತ್ರ ಒಳಗಿನ ಪಠ್ಯವೇ ವ್ಯಾಲ್ಯೂ ಆಗಿ ಹೋಗುತ್ತದೆ. ಆಗ ಸಂಖ್ಯೆಯನ್ನು ನಿರೀಕ್ಷಿಸುತ್ತಿದ್ದ ಸರ್ವರ್ ‘ಲೆಕ್ಕಪತ್ರ’ ಎಂಬ ಪದವನ್ನು ಕಂಡು ಕಂಗಾಲಾಗುತ್ತದೆ. ಸೆಲೆಕ್ಟ್‌ಗೆ ನೇಮ್ ಇಲ್ಲದಿದ್ದರೆ ಏನೂ ಹೋಗುವುದಿಲ್ಲ. ನೇಮ್ ಇದ್ದೂ ಅದು ಮಾಡೆಲ್‌ನ ಫೀಲ್ಡ್ ಹೆಸರಿಗೆ ಹೊಂದದಿದ್ದರೆ ಹೋದದ್ದು ಯಾರಿಗೂ ಸೇರುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ.

ಹೋಗುವ 7 ಒಂದು ಅಕ್ಷರ, ಸಂಖ್ಯೆಯಲ್ಲ. ಸರ್ವರ್ ಕಡೆಯ ಹಲವು ಫ್ರೇಮ್‌ವರ್ಕ್‌ಗಳು (ವೆಬ್ ಆ್ಯಪ್ ಕಟ್ಟಲು ಬಳಸುವ ಸಿದ್ಧ ಕೋಡ್ ಚೌಕಟ್ಟುಗಳು) ಅದನ್ನು ತಾವೇ ಸಂಖ್ಯೆಗೆ ತಿರುಗಿಸಿಕೊಳ್ಳುತ್ತವೆ. ಬ್ರೌಸರ್‌ನೊಳಗೆ ಜಾವಾಸ್ಕ್ರಿಪ್ಟ್ ಬರೆಯುವಾಗ ಈ ಕೆಲಸ ನಿಮ್ಮದು. ಮೂರು ಸಮ ಚಿಹ್ನೆ ಹಾಕಿ ಅಕ್ಷರದ 7ನ್ನು ಸಂಖ್ಯೆಯ 7ರ ಜೊತೆ ಹೋಲಿಸಿದರೆ ಎರಡೂ ಬೇರೆ ಎಂದೇ ಉತ್ತರ ಬರುತ್ತದೆ. ಹೌದು/ಇಲ್ಲ ಎಂಬ ಡ್ರಾಪ್‌ಡೌನ್‌ನಲ್ಲಿ ಇದು ಇನ್ನೂ ಅಪಾಯಕಾರಿ: ‘ಫಾಲ್ಸ್’ ಎಂಬ ಪದ ಖಾಲಿಯಲ್ಲದ ಪಠ್ಯವಾದ್ದರಿಂದ ಜಾವಾಸ್ಕ್ರಿಪ್ಟ್ ಅದನ್ನು ನಿಜ ಎಂದು ಓದುತ್ತದೆ.

ಬೈಂಡಿಂಗ್, ಅಂದರೆ ಫಾರ್ಮ್‌ನ ಫೀಲ್ಡ್‌ಗೂ ಮಾಡೆಲ್‌ಗೂ ಇರುವ ಜೋಡಣೆ, ಕೈಕೊಟ್ಟಾಗ ಕೋಡ್ ಓದುವ ಮೊದಲು ಬ್ರೌಸರ್‌ನ ಡೆವಲಪರ್ ಪರಿಕರದಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು, ಹೋದದ್ದೇನು ಎಂದು ಕಣ್ಣಾರೆ ನೋಡಿ. ತಪ್ಪು ಬ್ರೌಸರ್‌ನದೋ ಸರ್ವರ್‌ನದೋ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ.

ವ್ಯಾಲ್ಯೂ ಜಾಗದಲ್ಲಿ ಹೆಸರನ್ನೇ ಇಟ್ಟರೆ ಏನು ನಷ್ಟ?

ಹೆಸರು ಬದಲಾಗುತ್ತದೆ. ‘ಲೆಕ್ಕಪತ್ರ’ ನಾಳೆ ‘ಹಣಕಾಸು’ ಆಗುತ್ತದೆ, ನಾಳಿದ್ದು ಫಾರ್ಮ್ ಇನ್ನೊಂದು ಭಾಷೆಗೂ ಬರಬೇಕಾಗುತ್ತದೆ. ಐಡಿ ಅಥವಾ ಸ್ಥಿರವಾದ ಕೋಡ್ ಇಟ್ಟವರಿಗೆ ಇದು ಒಂದು ಸಾಲಿನ ಕೆಲಸ. ಹೆಸರು ಇಟ್ಟವರಿಗೆ ಹಳೆಯ ದಾಖಲೆಗಳನ್ನೆಲ್ಲ ತಿದ್ದುವ ಕೆಲಸ.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ತೊಡಕಿದೆ, ಅದು ಕಣ್ಣಿಗೆ ಬೀಳುವುದೇ ಇಲ್ಲ. ‘ಕೊ’ ಎಂಬ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ತುಂಡುಗಳಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ ರೂಪ. ಹೋಲಿಸುವ ಕೋಡ್‌ಗೆ ಅವು ಎರಡು ಬೇರೆ ಪದಗಳು. ‘ರ್ಯ’ದ ಬರವಣಿಗೆಯಲ್ಲಿ ನುಸುಳುವ, ಅಗಲವಿಲ್ಲದ ಜೋಡಣೆ ಚಿಹ್ನೆಯದೂ ಇದೇ ಕಥೆ. ಹೆಸರನ್ನು ಕೀಲಿಯಾಗಿ ಬಳಸಲೇಬೇಕಾದ ಪರಿಸ್ಥಿತಿ ಬಂದರೆ ಹೋಲಿಸುವ ಮೊದಲು ಎರಡೂ ಕಡೆಯನ್ನು ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತನ್ನಿ. ಅದು ತುಂಡುಗಳನ್ನು ಕೂಡಿಸುತ್ತದೆ. ಜೋಡಣೆ ಚಿಹ್ನೆಯನ್ನು ಮಾತ್ರ ತೆಗೆಯುವುದಿಲ್ಲ, ಅದನ್ನು ನೀವೇ ತೆಗೆಯಬೇಕು.

ದೂರವಾಣಿ ಮಾತ್ರ ತಿದ್ದಿದೆ, ವಿಭಾಗವೂ ಬದಲಾಗಿದೆ. ಹೇಗೆ ಸಾಧ್ಯ?

ಈ ಪುಟವನ್ನು ಬರೆಯಲು ಕೂತದ್ದೇ ಈ ಪ್ರಶ್ನೆಗಾಗಿ. ವಿವರವಾಗಿ ಹೇಳುತ್ತೇನೆ.

ಒಂದೇ ಆಯ್ಕೆಯ ಡ್ರಾಪ್‌ಡೌನ್‌ನಲ್ಲಿ ಯಾವ ಆಪ್ಶನ್‌ಗೂ ‘ಸೆಲೆಕ್ಟೆಡ್’ ಗುರುತು ಇಲ್ಲದಿದ್ದರೆ ಬ್ರೌಸರ್ ಮೊದಲ ಸಕ್ರಿಯ ಆಪ್ಶನ್ ಅನ್ನು ತಾನೇ ಆರಿಸಿಕೊಳ್ಳುತ್ತದೆ. ಎಚ್‌ಟಿಎಂಎಲ್ ನಿಯಮವೇ ಹಾಗಿದೆ. ಮಾಡೆಲ್‌ನ ಮೌಲ್ಯ ಪಟ್ಟಿಯ ಯಾವ ವ್ಯಾಲ್ಯೂಗೂ ಹೊಂದದಿದ್ದಾಗ ಫ್ರೇಮ್‌ವರ್ಕ್ ಯಾವುದನ್ನೂ ಗುರುತಿಸುವುದಿಲ್ಲ, ಬ್ರೌಸರ್ ಮೊದಲನೆಯದನ್ನು ತೋರಿಸುತ್ತದೆ, ನೋಡುವವರು ಅದನ್ನು ಗಮನಿಸದೆ ‘ಉಳಿಸು’ ಒತ್ತುತ್ತಾರೆ. ದೋಷವಿಲ್ಲ, ಎಚ್ಚರಿಕೆಯಿಲ್ಲ, ದಾಖಲೆ ಕೆಟ್ಟಿರುತ್ತದೆ.

ಹಿಂದೆ ಒಂದು ಕಡೆ ಕೆಲಸ ಮಾಡುತ್ತಿದ್ದಾಗ ನಾನೇ ಬರೆದ ಫಾರ್ಮ್‌ನಲ್ಲಿ ಹೀಗಾಯಿತು. ವಿಭಾಗದ ಕೋಡ್ ಮೂರು ಅಕ್ಷರದ್ದು. ಡೇಟಾಬೇಸ್‌ನ ಕಾಲಂ ಐದು ಅಕ್ಷರದ ಸ್ಥಿರ ಅಗಲದ್ದು. ಉಳಿದ ಎರಡು ಜಾಗಕ್ಕೆ ಡೇಟಾಬೇಸ್ ಖಾಲಿ ಸ್ಥಳ ತುಂಬಿ ಕೊಡುತ್ತಿತ್ತು. ಪಟ್ಟಿಯ ವ್ಯಾಲ್ಯೂಗಳಲ್ಲಿ ಆ ಖಾಲಿ ಸ್ಥಳ ಇರಲಿಲ್ಲ. ಹಾಗಾಗಿ ಒಂದೂ ಹೊಂದುತ್ತಿರಲಿಲ್ಲ. ಅಕಾರಾದಿಯಲ್ಲಿ ‘ಆಡಳಿತ’ ಮೊದಲು ಬರುತ್ತಿದ್ದುದರಿಂದ ಯಾರ ದೂರವಾಣಿ ಸಂಖ್ಯೆ ತಿದ್ದಿದರೂ ಅವರು ಆಡಳಿತ ವಿಭಾಗಕ್ಕೆ ಸೇರಿಬಿಡುತ್ತಿದ್ದರು. ಆಡಳಿತದವರ ಪಟ್ಟಿ ವಾರದಿಂದ ವಾರಕ್ಕೆ ಬೆಳೆಯುತ್ತಿರುವುದನ್ನು ಸಹೋದ್ಯೋಗಿಯೊಬ್ಬರು ಗಮನಿಸಿ ಹೇಳಿದ ಮೇಲೆ, ಹಳೆಯ ಬ್ಯಾಕಪ್ ತೆಗೆದು ಸಾಲು ಸಾಲಾಗಿ ಹೋಲಿಸಿ ಸರಿಪಡಿಸಬೇಕಾಯಿತು. ಯಾರದೋ ಬದುಕಿನ ಒಂದು ವಿವರವನ್ನು ಅವರಿಗೆ ತಿಳಿಯದಂತೆ ನಾನು ಬದಲಾಯಿಸಿದ್ದೆ ಎಂಬುದು ಇಂದಿಗೂ ಮನಸ್ಸಿನಲ್ಲಿದೆ.

ಹೊಂದಾಣಿಕೆ ತಪ್ಪಲು ಕಾರಣಗಳು ಹಲವು: ಖಾಲಿ ಸ್ಥಳ, ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ, ಅಕ್ಷರದ 7 ಮತ್ತು ಸಂಖ್ಯೆಯ 7, ಪಟ್ಟಿಯಿಂದ ತೆಗೆದುಹಾಕಿದ ವಿಭಾಗ. ಮೈಕ್ರೋಸಾಫ್ಟ್‌ನ ಫ್ರೇಮ್‌ವರ್ಕ್ ಆದ ಎಎಸ್‌ಪಿ ಡಾಟ್ ನೆಟ್ ಎಂವಿಸಿಯಲ್ಲಿ ಇನ್ನೆರಡಿವೆ. ಪಟ್ಟಿಯ ಐಟಂ ಮೇಲೆ ನೀವು ಹಾಕುವ ‘ಸೆಲೆಕ್ಟೆಡ್’ ಗುರುತನ್ನು, ಡ್ರಾಪ್‌ಡೌನ್ ಬರೆದುಕೊಡುವ ಡ್ರಾಪ್‌ಡೌನ್‌ಲಿಸ್ಟ್‌ಫಾರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದು ಮಾಡೆಲ್‌ನ ಮೌಲ್ಯವನ್ನು ಮಾತ್ರ ನೋಡುತ್ತದೆ. ಮತ್ತೆ, ಪರದೆಗೆ ಮಾಹಿತಿ ದಾಟಿಸುವ ವ್ಯೂಬ್ಯಾಗ್‌ನಲ್ಲಿ ಪಟ್ಟಿಗೆ ಕೊಟ್ಟ ಹೆಸರೂ ಮಾಡೆಲ್‌ನ ಪ್ರಾಪರ್ಟಿ ಹೆಸರೂ ಒಂದೇ ಆದರೆ ಆಯ್ಕೆ ಕೆಡುತ್ತದೆ. ಪಟ್ಟಿಗೆ ಬೇರೆ ಹೆಸರಿಡಿ.

ಪರಿಹಾರ ಎರಡು ಹೆಜ್ಜೆಯದು. ಪಟ್ಟಿಯ ತಲೆಯಲ್ಲಿ ಖಾಲಿ ವ್ಯಾಲ್ಯೂ ಇರುವ ‘ಆಯ್ಕೆ ಮಾಡಿ’ ಸಾಲು ಇರಲಿ, ಸೆಲೆಕ್ಟ್‌ಗೆ ‘ರಿಕ್ವೈರ್ಡ್’ ಇರಲಿ. ಆಗ ಹೊಂದದ ಮೌಲ್ಯ ಖಾಲಿಯಾಗಿ ಕಾಣುತ್ತದೆ, ಬ್ರೌಸರ್ ಸಲ್ಲಿಸಲು ಬಿಡುವುದಿಲ್ಲ. ಎರಡನೆಯದು, ಫಾರ್ಮ್ ಸಿದ್ಧಪಡಿಸುವಾಗಲೇ ಈಗಿನ ಮೌಲ್ಯ ಪಟ್ಟಿಯಲ್ಲಿದೆಯೇ ಎಂದು ಸರ್ವರ್‌ನಲ್ಲಿ ನೋಡಿ, ಇಲ್ಲದಿದ್ದರೆ ಲಾಗ್‌ನಲ್ಲಿ ಬರೆಯಿರಿ.

‘ಆಯ್ಕೆ ಮಾಡಿ’ ಸಾಲಿನ ವ್ಯಾಲ್ಯೂ 0 ಇಡಬಹುದೇ?

ಬೇಡ. ಎಚ್‌ಟಿಎಂಎಲ್‌ನ ‘ರಿಕ್ವೈರ್ಡ್’ ತಪಾಸಣೆ ಆ ಸಾಲನ್ನು ಖಾಲಿ ಎಂದು ಗುರುತಿಸುವುದು ವ್ಯಾಲ್ಯೂ ಖಾಲಿ ಪಠ್ಯವಾಗಿದ್ದರೆ ಮಾತ್ರ. ಜೊತೆಗೆ ಅದು ಮೊದಲ ಸಾಲಾಗಿರಬೇಕು, ಯಾವುದೇ ಗುಂಪಿನೊಳಗೆ ಇರಬಾರದು. 0 ಇಟ್ಟರೆ ಅದೂ ಒಂದು ಉತ್ತರವೇ. ಸಿ ಶಾರ್ಪ್‌ನಲ್ಲಿ ಫೀಲ್ಡ್ ಬರೀ ‘ಇಂಟ್’ (ಪೂರ್ಣಾಂಕ) ಆಗಿದ್ದರೆ ಸರ್ವರ್‌ನ ‘ರಿಕ್ವೈರ್ಡ್’ ಕೂಡ 0ಯನ್ನು ಒಪ್ಪಿಕೊಳ್ಳುತ್ತದೆ, ಕೊನೆಗೆ ಡೇಟಾಬೇಸ್‌ನ ಫಾರಿನ್ ಕೀ (ಆ ಐಡಿ ವಿಭಾಗಗಳ ಟೇಬಲ್‌ನಲ್ಲಿ ಇರಲೇಬೇಕೆಂಬ ನಿಯಮ) ಬಾಗಿಲಲ್ಲಿ ತಡೆಯುವವರೆಗೆ ಯಾರೂ ಕೇಳುವುದಿಲ್ಲ. ಫೀಲ್ಡ್ ಅನ್ನು ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಆಗಬಲ್ಲ ಇಂಟ್ ಮಾಡಿ, ಅದರ ಮೇಲೆ ‘ರಿಕ್ವೈರ್ಡ್’ ಹಾಕಿ.

ವಿಭಾಗ ಐಚ್ಛಿಕವಾಗಿದ್ದರೆ ಖಾಲಿ ಪಠ್ಯ ನಲ್ ಆಗಿ ಉಳಿಯಬೇಕು, ಖಾಲಿ ಪಠ್ಯವಾಗಿಯೇ ಅಲ್ಲ. ಪೈಥಾನ್‌ನ ಫ್ರೇಮ್‌ವರ್ಕ್ ಜಾಂಗೋದ ಮಾಡೆಲ್‌ಚಾಯ್ಸ್‌ಫೀಲ್ಡ್ ಇದನ್ನು ತಾನೇ ಮಾಡುತ್ತದೆ. ಅದು ತೋರಿಸುವ ಅಡ್ಡಗೆರೆಗಳ ಖಾಲಿ ಸಾಲನ್ನು ‘ಎಂಪ್ಟಿ ಲೇಬಲ್’ ಮೂಲಕ ಬದಲಿಸಬಹುದು. ರೂಬಿಯ ಫ್ರೇಮ್‌ವರ್ಕ್ ರೇಲ್ಸ್‌ನಲ್ಲಿ 2016ರ 5ನೇ ಆವೃತ್ತಿಯಿಂದ ‘ಬಿಲಾಂಗ್ಸ್ ಟು’ (ಒಂದು ದಾಖಲೆ ಇನ್ನೊಂದಕ್ಕೆ ಸೇರಿದ್ದು ಎಂಬ) ಸಂಬಂಧ ಕಡ್ಡಾಯವೇ ಆಗಿದೆ. ಐಚ್ಛಿಕವೆಂದು ಬಾಯಿಬಿಟ್ಟು ಹೇಳದಿದ್ದರೆ ಖಾಲಿ ಆಯ್ಕೆ ಉಳಿಯುವುದಿಲ್ಲ.

ಫಾರ್ಮ್‌ನಲ್ಲಿ ತಪ್ಪಿದ್ದು ಮರಳಿ ಬಂದಾಗ ಡ್ರಾಪ್‌ಡೌನ್ ಖಾಲಿ, ಇಲ್ಲವೇ ಪುಟವೇ ಒಡೆಯುತ್ತದೆ. ಯಾಕೆ?

ಪಟ್ಟಿಯನ್ನು ಬ್ರೌಸರ್ ಹಿಂದಕ್ಕೆ ಕಳುಹಿಸುವುದಿಲ್ಲ. ಮೊದಲ ಸಲ ಫಾರ್ಮ್ ತೋರಿಸುವಾಗ ನೀವು ಪಟ್ಟಿ ತುಂಬಿದಿರಿ. ಸಲ್ಲಿಸಿದ ಮೇಲೆ ದೋಷ ಕಂಡು ಅದೇ ಪುಟವನ್ನು ಮತ್ತೆ ತೋರಿಸುವಾಗ ತುಂಬಲು ಮರೆತಿರಿ. ಪಟ್ಟಿ ತುಂಬುವುದಕ್ಕೆ ಒಂದು ಫಂಕ್ಷನ್ ಮಾಡಿ ಎರಡೂ ದಾರಿಯಲ್ಲಿ ಅದನ್ನೇ ಕರೆಯಿರಿ. ಜಾವಾದ ಫ್ರೇಮ್‌ವರ್ಕ್ ಸ್ಪ್ರಿಂಗ್‌ನಲ್ಲಿ ‘ಮಾಡೆಲ್ ಆಟ್ರಿಬ್ಯೂಟ್’ ಎಂದು ಗುರುತಿಸಿದ ಮೆಥಡ್ ಆ ಕಂಟ್ರೋಲರ್‌ಗೆ (ಕೋರಿಕೆಗಳನ್ನು ನಿಭಾಯಿಸುವ ಕ್ಲಾಸ್‌ಗೆ) ಬರುವ ಪ್ರತಿ ಕೋರಿಕೆಗೂ ಮೊದಲು ಓಡುವುದರಿಂದ ಅಲ್ಲಿ ಮರೆಯುವ ಮಾತೇ ಇಲ್ಲ.

ಹೊಸ ವಿಭಾಗ ಸೇರಿಸಿದರೂ ಸರ್ವರ್ ಮರುಪ್ರಾರಂಭಿಸುವವರೆಗೆ ಪಟ್ಟಿಯಲ್ಲಿ ಬರುವುದಿಲ್ಲ.

ಜಾಂಗೋ ಬಳಸುತ್ತಿದ್ದೀರಿ ಎಂದು ಊಹಿಸುತ್ತೇನೆ. ಫಾರ್ಮ್ ಕ್ಲಾಸ್‌ನಲ್ಲಿ ‘ಚಾಯ್ಸಸ್’ಗೆ ನೇರವಾಗಿ ಪಟ್ಟಿ ಕೊಟ್ಟರೆ ಅದು ಫೈಲ್ ಲೋಡ್ ಆಗುವಾಗ ಒಮ್ಮೆ ಮಾತ್ರ ತಯಾರಾಗುತ್ತದೆ. ಪಟ್ಟಿಯ ಬದಲು ಪಟ್ಟಿ ಕೊಡುವ ಫಂಕ್ಷನ್ ಅನ್ನು ಕೊಡಿ, ಅಥವಾ ಮಾಡೆಲ್‌ಚಾಯ್ಸ್‌ಫೀಲ್ಡ್ ಬಳಸಿ.

ರಿಯಾಕ್ಟ್, ವ್ಯೂ ಜೆಎಸ್, ಆಂಗ್ಯುಲರ್‌ನಲ್ಲಿ ಇಡೀ ಆಬ್ಜೆಕ್ಟ್ ಅನ್ನೇ ಬೈಂಡ್ ಮಾಡಬಹುದೇ?

ಮೂರೂ ಬ್ರೌಸರ್‌ನಲ್ಲಿ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಪರಿಕರಗಳು. ಬರೀ ಐಡಿಯ ಬದಲು ಆಬ್ಜೆಕ್ಟ್ ಅನ್ನು, ಅಂದರೆ ವಿಭಾಗದ ಎಲ್ಲ ವಿವರಗಳ ಗುಚ್ಛವನ್ನು, ಬೈಂಡ್ ಮಾಡುವುದನ್ನು ವ್ಯೂ ಜೆಎಸ್ ಮತ್ತು ಆಂಗ್ಯುಲರ್‌ನಲ್ಲಿ ಮಾಡಬಹುದು. ಆಂಗ್ಯುಲರ್‌ನಲ್ಲಿ ಬರೀ ‘ವ್ಯಾಲ್ಯೂ’ ಬದಲು ‘ಎನ್‌ಜಿ ವ್ಯಾಲ್ಯೂ’ ಬೇಕು. ಆದರೆ ಆಂಗ್ಯುಲರ್ ಆಬ್ಜೆಕ್ಟ್‌ಗಳನ್ನು ಗುರುತಿನಿಂದ ಹೋಲಿಸುತ್ತದೆ, ಒಳಗಿನ ವಿವರದಿಂದಲ್ಲ. ಪಟ್ಟಿ ಒಂದು ಕೋರಿಕೆಯಲ್ಲಿ, ಸಿಬ್ಬಂದಿ ಇನ್ನೊಂದು ಕೋರಿಕೆಯಲ್ಲಿ ಬಂದಿದ್ದರೆ ಎರಡರಲ್ಲೂ ಇರುವ ಲೆಕ್ಕಪತ್ರ ವಿಭಾಗ ಎರಡು ಬೇರೆ ಆಬ್ಜೆಕ್ಟ್‌ಗಳು. ಡ್ರಾಪ್‌ಡೌನ್ ಖಾಲಿ ಕಾಣುತ್ತದೆ. ‘ಕಂಪೇರ್ ವಿತ್’ಗೆ ಐಡಿಗಳನ್ನು ಹೋಲಿಸುವ ಫಂಕ್ಷನ್ ಕೊಟ್ಟರೆ ಸರಿಹೋಗುತ್ತದೆ.

ರಿಯಾಕ್ಟ್‌ನಲ್ಲಿ ಆಪ್ಶನ್ ಮೇಲೆ ‘ಸೆಲೆಕ್ಟೆಡ್’ ಹಾಕಬೇಡಿ, ಸೆಲೆಕ್ಟ್‌ನ ‘ವ್ಯಾಲ್ಯೂ’ಗೆ ಸ್ಟೇಟ್ (ರಿಯಾಕ್ಟ್ ನೆನಪಿಟ್ಟುಕೊಳ್ಳುವ ಮೌಲ್ಯ) ಜೋಡಿಸಿ. ಬದಲಾವಣೆಯ ಈವೆಂಟ್‌ನಲ್ಲಿ ಕೈಗೆ ಬರುವುದು ಸದಾ ಪಠ್ಯವೇ, ಹಾಗಾಗಿ ಅಲ್ಲಿ ಐಡಿ ಇಟ್ಟುಕೊಂಡು ಬೇಕಾದಾಗ ಪಟ್ಟಿಯಿಂದ ಆಬ್ಜೆಕ್ಟ್ ಹುಡುಕುವುದು ನೆಟ್ಟಗಿನ ದಾರಿ. ನನ್ನನ್ನು ಕೇಳಿದರೆ ಮೂರರಲ್ಲೂ ಐಡಿಯನ್ನೇ ಬೈಂಡ್ ಮಾಡಿ ಎನ್ನುತ್ತೇನೆ. ಸರ್ವರ್‌ಗೆ ಕೊನೆಗೆ ಬೇಕಿರುವುದೂ ಅದೇ.

ವ್ಯೂ ಜೆಎಸ್ ಬಳಸುವವರು ನೆನಪಿಡಬೇಕಾದ ಒಂದು ಸೂಕ್ಷ್ಮವಿದೆ. ಅಲ್ಲಿ ಬೈಂಡಿಂಗ್ ಮಾಡುವ ವಿ-ಮಾಡೆಲ್‌ನ ಆರಂಭದ ಮೌಲ್ಯ ಯಾವ ಆಪ್ಶನ್‌ಗೂ ಹೊಂದದಿದ್ದರೆ ಐಫೋನ್‌ನಲ್ಲಿ ಮೊದಲ ಆಪ್ಶನ್ ಆರಿಸಲು ಆಗುವುದಿಲ್ಲ, ಏಕೆಂದರೆ ಅಲ್ಲಿ ಬದಲಾವಣೆಯ ಈವೆಂಟ್ ಏಳುವುದಿಲ್ಲ. ಖಾಲಿ ವ್ಯಾಲ್ಯೂ ಇರುವ, ನಿಷ್ಕ್ರಿಯಗೊಳಿಸಿದ ಸಾಲೊಂದನ್ನು ಮೇಲೆ ಇಟ್ಟರೆ ಸಾಕು.

ಐಡಿ ಕೊನೆಯ ಒಂದೆರಡು ಅಂಕಿ ಬದಲಾಗಿ ಹೋಗುತ್ತಿದೆ.

ಐಡಿ 9007199254740991 ಎಂಬ ಸಂಖ್ಯೆಯನ್ನು ದಾಟಿದೆಯೇ ನೋಡಿ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ ಅದರಾಚೆಗೆ ಪೂರ್ಣಾಂಕಗಳನ್ನು ನಿಖರವಾಗಿ ಹಿಡಿಯಲಾರದು. 64 ಬಿಟ್ ಐಡಿಗಳನ್ನು ಜೇಸನ್‌ನಲ್ಲಿ (ಸರ್ವರ್ ಮತ್ತು ಬ್ರೌಸರ್ ನಡುವೆ ಮಾಹಿತಿ ಸಾಗಿಸುವ ರೂಪ) ಪಠ್ಯವಾಗಿ ಕಳುಹಿಸಿ.

ವಿಭಾಗ ಆರಿಸಿದ ಮೇಲೆ ಅದರ ಹುದ್ದೆಗಳು ಮಾತ್ರ ಬರಬೇಕು. ಎಲ್ಲಿ ಎಚ್ಚರ ವಹಿಸಬೇಕು?

ನಾಲ್ಕು ಕಡೆ. ವಿಭಾಗ ಬದಲಾದ ಕ್ಷಣವೇ ಹುದ್ದೆಯ ಆಯ್ಕೆಯನ್ನು ಖಾಲಿ ಮಾಡಿ. ಪಟ್ಟಿ ಬದಲಿಸಿ ಆಯ್ಕೆಯನ್ನು ಹಾಗೇ ಬಿಟ್ಟರೆ ಲೆಕ್ಕಪತ್ರ ವಿಭಾಗದಲ್ಲಿ ಪ್ರಯೋಗಾಲಯ ಸಹಾಯಕರು ಹುಟ್ಟುತ್ತಾರೆ.

ಬಳಕೆದಾರರು ಬೇಗ ಬೇಗ ಎರಡು ವಿಭಾಗ ಆರಿಸಿದರೆ ಎರಡು ಕೋರಿಕೆಗಳು ಹೋಗುತ್ತವೆ, ಮೊದಲ ಕೋರಿಕೆಯ ಉತ್ತರ ಕೊನೆಗೆ ಬರಬಹುದು. ಹೊಸ ಕೋರಿಕೆ ಕಳುಹಿಸುವ ಮೊದಲು ಹಳೆಯದನ್ನು ಬ್ರೌಸರ್‌ನ ಅಬಾರ್ಟ್‌ಕಂಟ್ರೋಲರ್ ಮೂಲಕ ರದ್ದುಮಾಡಿ. ವೇಗದ ಜಾಲದಲ್ಲಿ ಪರೀಕ್ಷಿಸುವವರಿಗೆ ಈ ದೋಷ ಎಂದೂ ಸಿಗುವುದಿಲ್ಲ. ಡೆವಲಪರ್ ಪರಿಕರದಲ್ಲಿ ಜಾಲವನ್ನು ನಿಧಾನಗೊಳಿಸಿ ನೋಡಿ.

ತಿದ್ದುವ ಫಾರ್ಮ್‌ನಲ್ಲಿ ಕ್ರಮ ಮುಖ್ಯ. ಹುದ್ದೆಗಳ ಪಟ್ಟಿ ಬರುವ ಮೊದಲೇ ಸೆಲೆಕ್ಟ್‌ಗೆ ಮೌಲ್ಯ ಕೊಟ್ಟರೆ ಹೊಂದುವ ಆಪ್ಶನ್ ಇಲ್ಲದೆ ಆಯ್ಕೆ ಶೂನ್ಯವಾಗುತ್ತದೆ. ಪಟ್ಟಿ ಬರಲಿ, ಆಮೇಲೆ ಮೌಲ್ಯ ಕೊಡಿ. ಕೋಡ್ ಮೂಲಕ ಮೌಲ್ಯ ಬದಲಿಸಿದಾಗ ಬದಲಾವಣೆಯ ಈವೆಂಟ್ ತಾನಾಗಿ ಏಳುವುದಿಲ್ಲ ಎಂಬುದೂ ಇಲ್ಲೇ ಕಾಡುತ್ತದೆ: ವಿಭಾಗವನ್ನು ಕೋಡ್‌ನಿಂದ ತುಂಬಿ, ಹುದ್ದೆಗಳು ಬರಲೆಂದು ಕಾಯುತ್ತ ಕೂತವರನ್ನು ಹಲವು ಸಲ ಕಂಡಿದ್ದೇನೆ.

ನಾಲ್ಕನೆಯದು, ಆಯ್ದ ಹುದ್ದೆ ಆಯ್ದ ವಿಭಾಗಕ್ಕೆ ಸೇರಿದ್ದೇ ಎಂದು ಸರ್ವರ್‌ನಲ್ಲಿ ಮತ್ತೆ ನೋಡಿ.

ಡ್ರಾಪ್‌ಡೌನ್‌ನಲ್ಲಿ ಇರುವುದನ್ನಷ್ಟೇ ಆರಿಸಬಹುದಲ್ಲ, ಸರ್ವರ್‌ನಲ್ಲಿ ಮತ್ತೆ ಯಾಕೆ ತಪಾಸಣೆ?

ಡೆವಲಪರ್ ಪರಿಕರ ತೆರೆದು ಆಪ್ಶನ್‌ನ ವ್ಯಾಲ್ಯೂವನ್ನು 7ರಿಂದ 99ಕ್ಕೆ ಬದಲಿಸಲು ಹತ್ತು ಸೆಕೆಂಡು ಸಾಕು. ಪುಟವನ್ನೇ ತೆರೆಯದೆ ಕೋರಿಕೆ ಕಳುಹಿಸಲೂ ಬಹುದು. ಬಂದ ಐಡಿ ಅಸ್ತಿತ್ವದಲ್ಲಿದೆಯೇ ಎಂಬುದು ಮೊದಲ ಪ್ರಶ್ನೆ. ಅದನ್ನು ಆರಿಸುವ ಅಧಿಕಾರ ಈ ಬಳಕೆದಾರರಿಗೆ ಇದೆಯೇ ಎಂಬುದು ಎರಡನೆಯದು. ಪಿಎಚ್‌ಪಿಯ ಫ್ರೇಮ್‌ವರ್ಕ್ ಲಾರಾವೆಲ್‌ನ ‘ಎಕ್ಸಿಸ್ಟ್ಸ್’ ನಿಯಮ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಷರತ್ತು ಸೇರಿಸಬೇಕು. ಜಾಂಗೋದಲ್ಲಿ ಫಾರ್ಮ್ ಸಿದ್ಧವಾಗುವಾಗಲೇ ಆ ಬಳಕೆದಾರರಿಗೆ ತಕ್ಕಂತೆ ಕ್ವೆರಿಸೆಟ್ (ಡೇಟಾಬೇಸ್‌ನಿಂದ ತರುವ ಸಾಲುಗಳ ಗುಂಪು) ಕಿರಿದುಮಾಡಿದರೆ ಪಟ್ಟಿಯೂ ತಪಾಸಣೆಯೂ ಒಟ್ಟಿಗೆ ಸರಿಯಾಗುತ್ತವೆ.

ಫಾರ್ಮ್‌ನಲ್ಲಿ ಇಲ್ಲದ ಫೀಲ್ಡ್‌ಗಳೂ ಹೀಗೆ ನುಸುಳುತ್ತವೆ. 2012ರಲ್ಲಿ, ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಇಂಥದ್ದೇ ರಂಧ್ರ ಬಯಲಾಯಿತು: ಬಂದ ಎಲ್ಲ ಫೀಲ್ಡ್‌ಗಳನ್ನೂ ಮಾಡೆಲ್‌ಗೆ ಸುರಿಯುವ ರೇಲ್ಸ್‌ನ ರೂಢಿಯಿಂದ ಒಬ್ಬರು ತಮ್ಮದಲ್ಲದ ಖಾತೆಯ ಹೆಸರಿನಲ್ಲಿ ತಮ್ಮ ಪ್ರವೇಶ ಕೀಲಿ ಸೇರಿಸಿ ತೋರಿಸಿದರು. ಮರುವರ್ಷ ಬಂದ ರೇಲ್ಸ್ 4ರಲ್ಲಿ ಅನುಮತಿಸಿದ ಫೀಲ್ಡ್‌ಗಳನ್ನು ಹೆಸರಿಸುವುದು ಕಡ್ಡಾಯವಾಯಿತು. ನಿಮ್ಮ ಫ್ರೇಮ್‌ವರ್ಕ್ ಯಾವುದೇ ಇರಲಿ, ಬೈಂಡ್ ಆಗಬೇಕಾದ ಫೀಲ್ಡ್‌ಗಳನ್ನು ಹೆಸರಿಸಿ.

ಈಗ ಬಳಕೆಯಲ್ಲಿಲ್ಲದ ವಿಭಾಗವನ್ನು ಪಟ್ಟಿಯಿಂದ ತೆಗೆಯಬೇಕು. ಹಳೆಯ ದಾಖಲೆಗಳ ಗತಿ?

ಅಳಿಸಬೇಡಿ, ‘ಸಕ್ರಿಯ’ ಎಂಬ ಕಾಲಂ ಇಡಿ. ಹೊಸ ಫಾರ್ಮ್‌ನಲ್ಲಿ ಸಕ್ರಿಯವಾದವು ಮಾತ್ರ; ತಿದ್ದುವ ಫಾರ್ಮ್‌ನಲ್ಲಿ ಸಕ್ರಿಯವಾದವುಗಳ ಜೊತೆಗೆ ಆ ದಾಖಲೆಯಲ್ಲಿ ಈಗಿರುವ ಒಂದು. ಅದರ ಮುಂದೆ ‘ಹಳೆಯದು’ ಎಂದು ಬರೆದರೆ ನೋಡುವವರಿಗೂ ಅರ್ಥವಾಗುತ್ತದೆ. ಅದನ್ನು ‘ಡಿಸೇಬಲ್ಡ್’ ಮಾಡಬೇಡಿ, ನಿಷ್ಕ್ರಿಯ ಆಪ್ಶನ್ ಆಯ್ಕೆಯಾಗಿದ್ದರೂ ಅದರ ವ್ಯಾಲ್ಯೂ ಹೋಗುವುದಿಲ್ಲ.

ಓದಲು ಮಾತ್ರ ಇರುವ ಡ್ರಾಪ್‌ಡೌನ್ ಮಾಡುವುದು ಹೇಗೆ?

ಸೆಲೆಕ್ಟ್‌ಗೆ ‘ರೀಡ್‌ಓನ್ಲಿ’ ಎಂಬುದು ಇಲ್ಲ. ‘ಡಿಸೇಬಲ್ಡ್’ ಮಾಡಿದರೆ ಫಾರ್ಮ್ ಜೊತೆ ಮೌಲ್ಯ ಹೋಗುವುದಿಲ್ಲ, ಸರ್ವರ್ ಅದನ್ನು ಖಾಲಿ ಎಂದು ಓದಬಹುದು. ಬದಲಾಗಬಾರದ ಮೌಲ್ಯವಾದರೆ ಅದನ್ನು ಬರೀ ಪಠ್ಯವಾಗಿ ತೋರಿಸಿ, ಉಳಿಸುವಾಗ ಡೇಟಾಬೇಸ್‌ನಲ್ಲಿರುವುದನ್ನೇ ಬಳಸಿ.

ಹಲವನ್ನು ಆರಿಸುವ ಡ್ರಾಪ್‌ಡೌನ್‌ನಲ್ಲಿ ಎಲ್ಲವನ್ನೂ ತೆಗೆದರೂ ಹಳೆಯವು ಉಳಿಯುತ್ತವೆ.

ಏನೂ ಆರಿಸದಿದ್ದರೆ ಬ್ರೌಸರ್ ಆ ಹೆಸರನ್ನೇ ಕಳುಹಿಸುವುದಿಲ್ಲ. ‘ಎಲ್ಲ ತೆಗೆದಿದ್ದಾರೆ’ ಮತ್ತು ‘ಈ ಫೀಲ್ಡ್ ಫಾರ್ಮ್‌ನಲ್ಲೇ ಇರಲಿಲ್ಲ’ ಎರಡೂ ಸರ್ವರ್‌ಗೆ ಒಂದೇ. ಅದೇ ಹೆಸರಿನ ಅಡಗಿಸಿದ ಖಾಲಿ ಫೀಲ್ಡ್ ಒಂದನ್ನು ಜೊತೆಗಿಡುವುದು ರೂಢಿ. ರೇಲ್ಸ್ ಇದನ್ನು ತಾನೇ ಹಾಕುತ್ತದೆ, ಅದಕ್ಕೇ ಅಲ್ಲಿ ಬಂದ ಪಟ್ಟಿಯಲ್ಲಿ ಒಂದು ಖಾಲಿ ಪಠ್ಯ ಕಾಣುತ್ತದೆ.

ಪಟ್ಟಿ ಚಿಕ್ಕದು, ಬದಲಾಗುವುದೂ ಅಪರೂಪ. ಟೇಬಲ್ ಬದಲು ಈನಮ್ (ಕೋಡ್‌ನಲ್ಲೇ ಬರೆದಿಟ್ಟ ಸ್ಥಿರ ಪಟ್ಟಿ) ಸಾಕೇ?

ಸಾಕು, ಆದರೆ ಡೇಟಾಬೇಸ್‌ನಲ್ಲಿ ಏನು ಉಳಿಯುತ್ತದೆ ಎಂದು ನೋಡಿಕೊಳ್ಳಿ. ಡೇಟಾಬೇಸ್ ಕೆಲಸಕ್ಕೆ ಜಾವಾದಲ್ಲಿ ಬಳಸುವ ಜೆಪಿಎ, ನೀವು ಹೇಳದೆ ಬಿಟ್ಟರೆ, ಈನಮ್‌ನ ಕ್ರಮಸಂಖ್ಯೆಯನ್ನು ಉಳಿಸುತ್ತದೆ. ‘ಖಾಯಂ, ಗುತ್ತಿಗೆ’ ಇದ್ದಲ್ಲಿ ನಡುವೆ ‘ತರಬೇತಿ’ ಸೇರಿಸಿದ ದಿನ ಹಳೆಯ ಗುತ್ತಿಗೆಯವರೆಲ್ಲ ತರಬೇತಿಯವರಾಗುತ್ತಾರೆ. ಹೆಸರಾಗಿ ಉಳಿಸಲು ಹೇಳಿ.

ಪಟ್ಟಿಯಲ್ಲಿ ಸಾವಿರಾರು ಸಾಲುಗಳಿವೆ.

ಹಾಗಿದ್ದರೆ ಅದು ಡ್ರಾಪ್‌ಡೌನ್ ಆಗಬಾರದು. ಟೈಪ್ ಮಾಡಿದಂತೆ ಸರ್ವರ್‌ನಲ್ಲಿ ಹುಡುಕಿ ಕೆಲವನ್ನು ತೋರಿಸುವ ಪೆಟ್ಟಿಗೆ ಮಾಡಿ, ಆಯ್ದ ಐಡಿಯನ್ನು ಅಡಗಿಸಿದ ಫೀಲ್ಡ್‌ನಲ್ಲಿ ಇಡಿ. ಪಠ್ಯ ಬದಲಾದರೆ ಆ ಐಡಿಯನ್ನು ಅಳಿಸಲು ಮರೆಯಬೇಡಿ. ಎಚ್‌ಟಿಎಂಎಲ್‌ನ ಡೇಟಾಲಿಸ್ಟ್ ಆಕರ್ಷಕವಾಗಿ ಕಂಡರೂ ಅದು ಬರೀ ಸಲಹೆ ಕೊಡುತ್ತದೆ: ಪಟ್ಟಿಯಲ್ಲಿ ಇಲ್ಲದ್ದನ್ನೂ ಬರೆಯಬಹುದು, ಹೋಗುವುದೂ ಪೆಟ್ಟಿಗೆಯಲ್ಲಿರುವ ಪಠ್ಯವೇ.

ಒಂದೇ ಒಂದು ಪರೀಕ್ಷೆಗೆ ಸಮಯವಿದ್ದರೆ ಯಾವುದನ್ನು ಮಾಡಲಿ?

ಡೇಟಾಬೇಸ್‌ನಿಂದ ಒಂದು ಸಿಬ್ಬಂದಿಯ ಸಾಲನ್ನು ಬರೆದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಮೊದಲನೆಯದಲ್ಲದ ವಿಭಾಗದವರಾಗಿರಲಿ. ಅವರ ತಿದ್ದುವ ಫಾರ್ಮ್ ತೆರೆದು, ಏನನ್ನೂ ಮುಟ್ಟದೆ ‘ಉಳಿಸು’ ಒತ್ತಿ. ಸಾಲನ್ನು ಮತ್ತೆ ತೆಗೆದು ಮೊದಲಿನದರ ಜೊತೆ ಹೋಲಿಸಿ. ತಿದ್ದಿದ ಸಮಯದ ಕಾಲಂ ಬಿಟ್ಟು ಒಂದಕ್ಷರವೂ ಬದಲಾಗಿರಬಾರದು. ಬಳಿಕ ಬಳಕೆಯಲ್ಲಿಲ್ಲದ ವಿಭಾಗದವರೊಬ್ಬರು, ವಿಭಾಗವೇ ಇಲ್ಲದವರೊಬ್ಬರು, ಇವರ ಮೇಲೂ ಇದನ್ನೇ ಮಾಡಿ.